ಹಂಚಿಕೆಯ ಕಡತಗಳನ್ನು ಉಳಿಸುವಾಗ ಅನುಮತಿಗಳ ರಕ್ಷಣೆ

ಪ್ರತಿ ತಿಂಗಳ 20ನೆಯ ತಾರೀಖು ಮಾಸಿಕ ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವ ವರ್ತಕರಿಗೆ ಅಪರಿಚಿತವಾದುದಲ್ಲ. ಅದು ಜಿ.ಎಸ್.ಟಿ.ಆರ್.-3ಬಿ ಸಲ್ಲಿಕೆಯ ಕೊನೆಯ ದಿನ. ಐದಾರು ಮಂದಿ ಸಿಬ್ಬಂದಿಯಿರುವ ಒಂದು ಸಂಸ್ಥೆಯಲ್ಲಿ ಅಂದು ಸಂಜೆ ಸಂಭವಿಸಬಹುದಾದ ಘಟನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಖರೀದಿ ಬಿಲ್ಲುಗಳನ್ನು ತಾಳೆ ನೋಡುವ ಎಕ್ಸೆಲ್ ಕಡತವನ್ನು ಮಧ್ಯಾಹ್ನ ಗುಮಾಸ್ತರು ತೆರೆದು, ಎರಡು ಸಾಲು ತಿದ್ದಿ, ಸೇವ್ ಮಾಡಿ ಮನೆಗೆ ತೆರಳಿರುತ್ತಾರೆ. ಸಂಜೆ ಲೆಕ್ಕಿಗರು ಅದೇ ಕಡತವನ್ನು ತೆರೆಯಲು ಹೋದಾಗ 'ಆಕ್ಸೆಸ್ ಡಿನೈಡ್' ಎಂಬ ಸಂದೇಶ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ತೆರೆದಿದ್ದ ಕಡತ ಸಂಜೆ ತೆರೆಯುವುದಿಲ್ಲ. ಯಾರೂ ಬೀಗ ಹಾಕಿಲ್ಲ, ಯಾರೂ ಸೆಟ್ಟಿಂಗ್ ಬದಲಿಸಿಲ್ಲ. ದಿನವೊಂದಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಗೆ ಶೇಕಡಾ 18ರ ಬಡ್ಡಿ ಮಾತ್ರ ಮರುದಿನದಿಂದ ಲೆಕ್ಕಕ್ಕೆ ಬರುತ್ತವೆ.

ಇದೇ ಕಾರಣದಿಂದ ಹುಟ್ಟುವ ಇನ್ನೊಂದು ಘಟನೆಯಲ್ಲಿ ಗದ್ದಲವೇ ಇರುವುದಿಲ್ಲ. ಮಾಲೀಕರು ಮತ್ತು ಲೆಕ್ಕಪತ್ರ ವಿಭಾಗದವರು ಮಾತ್ರ ನೋಡಬೇಕಾದ ವೇತನ ಪಟ್ಟಿಯನ್ನು ಲೆಕ್ಕಿಗರು ತಿದ್ದಿ ಉಳಿಸುತ್ತಾರೆ. ಆ ಕ್ಷಣದಿಂದ ಅದು ಗೋದಾಮಿನ ಗಣಕಯಂತ್ರದಿಂದಲೂ ತೆರೆಯುತ್ತದೆ. ಬಾಗಿಲು ಮುಚ್ಚಿಕೊಂಡರೆ ಹೊರಗೆ ನಿಂತವರು ಕೂಗುತ್ತಾರೆ. ತೆರೆದುಕೊಂಡರೆ ಯಾರು ಕೂಗಬೇಕು? ವೇತನ ಪಟ್ಟಿಯನ್ನೋ ಟೆಂಡರಿನ ದರಪಟ್ಟಿಯನ್ನೋ ನೋಡಬಾರದವರು ನೋಡಿದ ಸಂಗತಿ ತಿಂಗಳುಗಳ ನಂತರ, ಅದೂ ಬೇರೆ ಯಾವುದೋ ದಾರಿಯಿಂದ ತಿಳಿದುಬರುತ್ತದೆ. ಈ ಎರಡು ದೋಷಗಳಿಗೂ ಮೂಲ, ತಂತ್ರಾಂಶವು ಕಡತವನ್ನು ಉಳಿಸುವ ರೀತಿಯಲ್ಲಿದೆ. ಗಣಕಯಂತ್ರ ಪೂರೈಸುವವರು ಇದನ್ನು 'ನೆಟ್‌ವರ್ಕ್ ಸಮಸ್ಯೆ' ಎಂದು ಹೇಳಿ ಮುಗಿಸುವುದು ವಾಡಿಕೆಯಾದ್ದರಿಂದ ಉದ್ಯಮಿಗಳು ಇದರ ಒಳಹೊರಗನ್ನು ಸ್ವಲ್ಪ ಅರಿತಿರುವುದು ಒಳಿತು.

ಅನುಮತಿಯ ಸ್ವರೂಪ

ಕಿರ್ದಿ ಮತ್ತು ಖಾತೆ ಪುಸ್ತಕಗಳ ಕಾಲದಲ್ಲಿ ಪುಸ್ತಕಕ್ಕೆ ಪ್ರತ್ಯೇಕ ಅನುಮತಿ ಎಂಬುದಿರಲಿಲ್ಲ. ಕಪಾಟಿನ ಬೀಗದ ಕೈ ಯಾರಲ್ಲಿದೆಯೋ ಅವರು ಪುಸ್ತಕ ನೋಡುತ್ತಿದ್ದರು. ಗಣಕಯಂತ್ರದಲ್ಲಿ ಹಾಗಲ್ಲ. ಕಪಾಟಿನ ಸ್ಥಾನದಲ್ಲಿರುವ ಫೋಲ್ಡರಿಗೂ ಅನುಮತಿಯುಂಟು, ಅದರೊಳಗಿನ ಪ್ರತಿಯೊಂದು ಕಡತಕ್ಕೂ ತನ್ನದೇ ಆದ ಅನುಮತಿಯುಂಟು. ವಿಂಡೋಸ್ ವ್ಯವಸ್ಥೆಯಲ್ಲಿ ಇದು ಒಂದು ಪಟ್ಟಿಯ ರೂಪದಲ್ಲಿರುತ್ತದೆ: ಇಂತಹವರು ಓದಬಹುದು, ಇಂತಹವರು ತಿದ್ದಬಹುದು, ಇಂತಹವರು ಅಳಿಸಬಹುದು. ಕಡತದ ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ತೆರೆದು 'ಸೆಕ್ಯುರಿಟಿ' ಎಂಬ ಪುಟಕ್ಕೆ ಹೋದರೆ ಈ ಪಟ್ಟಿ ಕಾಣುತ್ತದೆ.

ಲಿನಕ್ಸ್ ವ್ಯವಸ್ಥೆಯಲ್ಲಿ ಲೆಕ್ಕ ಇನ್ನೂ ಸರಳ. ಕಡತದ ಒಡೆಯ, ಒಡೆಯನ ಗುಂಪು, ಉಳಿದವರು ಎಂದು ಮೂರು ವರ್ಗ. ಓದಲು 4, ಬರೆಯಲು 2, ಕಾರ್ಯಗತಗೊಳಿಸಲು 1 ಎಂದು ಅಂಕಗಳು. ಒಡೆಯನೂ ಗುಂಪಿನವರೂ ಓದಿ ಬರೆಯಬಹುದು, ಉಳಿದವರಿಗೆ ಏನೂ ಇಲ್ಲ ಎಂಬುದನ್ನು 660 ಎಂದು ಬರೆಯಲಾಗುತ್ತದೆ. ತಮ್ಮ ಕಚೇರಿಯಲ್ಲಿ ಲಿನಕ್ಸ್ ಇಲ್ಲವೆಂದು ಭಾವಿಸುವ ಅನೇಕ ಸಂಸ್ಥೆಗಳಲ್ಲಿ ವಾಸ್ತವವಾಗಿ ಅದು ಇರುತ್ತದೆ. ಕಡತಗಳನ್ನು ಒಂದೆಡೆ ಇಡಲು ಕೊಂಡುತರುವ, ನ್ಯಾಸ್ ಎಂದು ಕರೆಯುವ ಪುಟ್ಟ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದು ಲಿನಕ್ಸ್ ಮತ್ತು ಅದರ ಮೇಲಿನ ಸಾಂಬಾ ಎಂಬ ತಂತ್ರಾಂಶ. ಮೇಜಿನ ಮೇಲಿನ ಯಂತ್ರ ವಿಂಡೋಸ್, ಕಡತ ಇರುವ ಜಾಗ ಲಿನಕ್ಸ್ ಎಂಬ ಈ ಮಿಶ್ರ ವ್ಯವಸ್ಥೆಯಲ್ಲಿಯೇ ತೊಂದರೆ ಹೆಚ್ಚು.

ಉಳಿಸುವ ಎರಡು ವಿಧಾನಗಳು

ತಂತ್ರಾಂಶವು ಕಡತವನ್ನು ಎರಡು ರೀತಿಯಲ್ಲಿ ಉಳಿಸಬಲ್ಲದು. ಹಳೆಯ ಬರಹವನ್ನು ಅಳಿಸಿ ಅದೇ ಕಡತದೊಳಗೆ ಹೊಸದನ್ನು ಬರೆಯುವುದು ಮೊದಲನೆಯದು. ಇದರಲ್ಲಿ ಕಡತ ಬದಲಾಗುವುದಿಲ್ಲವಾದ್ದರಿಂದ ಒಡೆತನ, ಗುಂಪು, ಅನುಮತಿ ಎಲ್ಲವೂ ಇದ್ದಂತೆಯೇ ಉಳಿಯುತ್ತವೆ. ಆದರೆ ಅರ್ಧ ಬರೆಯುತ್ತಿರುವಾಗ ವಿದ್ಯುತ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಲೋಡ್ ಶೆಡ್ಡಿಂಗ್ ಅನುಭವಿಸಿದ ಕೈಗಾರಿಕಾ ಪ್ರದೇಶದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎರಡನೆಯ ವಿಧಾನ ಈ ಅಪಾಯವನ್ನು ತಪ್ಪಿಸುತ್ತದೆ. ಅದೇ ಫೋಲ್ಡರಿನಲ್ಲಿ ಬೇರೆ ಹೆಸರಿನ ತಾತ್ಕಾಲಿಕ ಕಡತವೊಂದನ್ನು ಸೃಷ್ಟಿಸಿ, ಅದರಲ್ಲಿ ಎಲ್ಲವನ್ನೂ ಬರೆದು ಮುಗಿಸಿದ ಮೇಲೆ ಹಳೆಯದರ ಹೆಸರನ್ನು ಅದಕ್ಕೆ ಕೊಡಲಾಗುತ್ತದೆ. ನಡುವೆ ವಿದ್ಯುತ್ ಹೋದರೂ ಹಳೆಯ ಕಡತ ಕೆಡುವುದಿಲ್ಲ. ಎಕ್ಸೆಲ್ ಹೀಗೆಯೇ ಉಳಿಸುತ್ತದೆ. ಕೆಲವೊಮ್ಮೆ ಫೋಲ್ಡರಿನಲ್ಲಿ ಕಾಣಸಿಗುವ, ವಿಸ್ತರಣೆಯಿಲ್ಲದ, ಅರ್ಥವಿಲ್ಲದ ಎಂಟು ಅಕ್ಷರಗಳ ಹೆಸರಿನ ಕಡತಗಳು ಈ ಕ್ರಿಯೆ ಪೂರ್ಣಗೊಳ್ಳದೆ ಉಳಿದ ಶೇಷಗಳು.

ಈ ಎರಡನೆಯ ವಿಧಾನದಲ್ಲಿ ಒಂದು ಸೂಕ್ಷ್ಮವಿದೆ. ಗುಮಾಸ್ತನೊಬ್ಬ ಖಾತೆ ಪುಸ್ತಕದಲ್ಲಿ ಒಂದು ಸಾಲು ತಿದ್ದುವ ಬದಲು ಇಡೀ ಪುಸ್ತಕವನ್ನು ಹೊಸದರಲ್ಲಿ ನಕಲು ಮಾಡಿ, ಹಳೆಯದನ್ನು ರದ್ದಿಗೆ ಹಾಕಿ, ಹೊಸದನ್ನು ತನ್ನ ಮೇಜಿನ ಡ್ರಾಯರಿನಲ್ಲಿಟ್ಟರೆ ಹೇಗೋ ಇದೂ ಹಾಗೆ. ಅಕ್ಷರಗಳೆಲ್ಲ ಸರಿಯಾಗಿವೆ, ಹೆಸರೂ ಅದೇ. ಆದರೆ ಪುಸ್ತಕ ಬೇರೆ, ಇರುವ ಜಾಗ ಬೇರೆ. ಹೊಸ ಕಡತದ ಒಡೆಯ ಕಡೆಯದಾಗಿ ಸೇವ್ ಮಾಡಿದವನು. ಅದರ ಅನುಮತಿ ಹಳೆಯ ಕಡತದ್ದಲ್ಲ. ಹೊಸ ಕಡತ ಸೃಷ್ಟಿಯಾಗುವಾಗ ವ್ಯವಸ್ಥೆ ತಾನಾಗಿ ಕೊಡುವ ಅನುಮತಿ.

ಆ ಅನುಮತಿ ಏನೆಂಬುದು ಸಂದರ್ಭವನ್ನು ಅವಲಂಬಿಸಿದೆ. ತಾತ್ಕಾಲಿಕ ಕಡತ ಸೃಷ್ಟಿಸಲೆಂದೇ ಲಿನಕ್ಸಿನಲ್ಲಿರುವ ಸಾಮಾನ್ಯ ಸೌಲಭ್ಯವು 600 ಅನುಮತಿ ಕೊಡುತ್ತದೆ, ಅಂದರೆ ಸೃಷ್ಟಿಸಿದವನ ಹೊರತು ಬೇರಾರಿಗೂ ಪ್ರವೇಶವಿಲ್ಲ. ತಂತ್ರಾಂಶ ಅದನ್ನು ಹಾಗೆಯೇ ಹೆಸರು ಬದಲಿಸಿ ಕೂರಿಸಿದರೆ 20ನೆಯ ತಾರೀಖಿನ ಸಂಜೆಯ ಘಟನೆ ಸಂಭವಿಸುತ್ತದೆ. ಸಾಮಾನ್ಯ ರೀತಿಯಲ್ಲಿ ಸೃಷ್ಟಿಸಿದರೆ, ಅನೇಕ ವ್ಯವಸ್ಥೆಗಳಲ್ಲಿ ಪೂರ್ವನಿಗದಿತವಾಗಿರುವಂತೆ 644 ಬರುತ್ತದೆ. 660 ಇದ್ದ ವೇತನ ಪಟ್ಟಿ 644 ಆಯಿತೆಂದರೆ ಒಂದೇ ಏಟಿಗೆ ಎರಡು ಹಾನಿ: ಗುಂಪಿನ ಸಹೋದ್ಯೋಗಿಗಳು ತಿದ್ದುವ ಹಕ್ಕು ಕಳೆದುಕೊಂಡರು, ಗುಂಪಿನ ಹೊರಗಿನವರೆಲ್ಲ ಓದುವ ಹಕ್ಕು ಪಡೆದರು. ಇನ್ನು ಸಾಂಬಾದ 'ಕ್ರಿಯೇಟ್ ಮಾಸ್ಕ್' ಎಂಬ ಸೂಚನೆಯನ್ನು ಯಾರೂ ಮುಟ್ಟದಿದ್ದರೆ ಅದರ ಬೆಲೆ 0744. ಅಲ್ಲಿಯೂ ಬರೆಯುವ ಹಕ್ಕು ಒಡೆಯನೊಬ್ಬನಿಗೇ ಉಳಿಯುತ್ತದೆ.

ಮೂರನೆಯ ದೋಷವೊಂದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಲಿನಕ್ಸಿನಲ್ಲಿ ಒಂದು ಕಡತದ ಜಾಗದಲ್ಲಿ ಇನ್ನೊಂದನ್ನು ಕೂರಿಸಲು ಬೇಕಾದದ್ದು ಫೋಲ್ಡರಿನ ಮೇಲಿನ ಬರೆಯುವ ಹಕ್ಕು. ಕಡತದ ಮೇಲಿನ ಹಕ್ಕು ಬೇಕಿಲ್ಲ. ಹೀಗಾಗಿ ಮಾಲೀಕರು 'ಓದಲು ಮಾತ್ರ' ಎಂದು ಗುರುತಿಸಿಟ್ಟ ದರಪಟ್ಟಿಯನ್ನು ಎಚ್ಚರವಿಲ್ಲದ ತಂತ್ರಾಂಶವೊಂದು ನಿರಾತಂಕವಾಗಿ ಬದಲಿಸಿಬಿಡಬಲ್ಲದು. ಮಾಲೀಕರು ಹಾಕಿದ ಬೀಗ ಹಳೆಯ ಕಡತದ ಮೇಲಿತ್ತು. ಆ ಕಡತವೇ ಈಗ ಇಲ್ಲ.

ಉತ್ತಮ ತಂತ್ರಾಂಶ ನಡೆದುಕೊಳ್ಳಬೇಕಾದ ರೀತಿ

ಕಡತದ ಅನುಮತಿ ಕಡತಕ್ಕೆ ಸೇರಿದ್ದು. ಅದನ್ನು ಕಡೆಯ ಬಾರಿ ಉಳಿಸಿದ ವ್ಯಕ್ತಿಗೆ ಸೇರಿದ್ದಲ್ಲ. ಎರಡು ಸಾಲು ತಿದ್ದಿದವನಿಗೆ, ಇನ್ನು ಮುಂದೆ ಇದನ್ನು ಯಾರು ನೋಡಬೇಕೆಂದು ನಿರ್ಧರಿಸುವ ಉದ್ದೇಶವೇ ಇರಲಿಲ್ಲ. ಆದ್ದರಿಂದ ತಂತ್ರಾಂಶವು ಅವನ ಪರವಾಗಿ ಅಂತಹ ನಿರ್ಧಾರ ಕೈಗೊಳ್ಳಬಾರದು. ಉಳಿದ ಕ್ರಮಗಳೆಲ್ಲ ಈ ತತ್ವದಿಂದಲೇ ಹೊರಡುತ್ತವೆ.

ಉಳಿಸುವ ಮೊದಲು ಮೂಲ ಕಡತದ ಮೇಲೆ ಬಳಕೆದಾರನಿಗೆ ಬರೆಯುವ ಹಕ್ಕಿದೆಯೇ ಎಂದು ತಂತ್ರಾಂಶ ಪರೀಕ್ಷಿಸಬೇಕು. ಫೋಲ್ಡರ್ ಅವಕಾಶ ಕೊಟ್ಟಿತೆಂಬುದು ಸಾಕಾಗದು. ತಾತ್ಕಾಲಿಕ ಕಡತವನ್ನು ಅತ್ಯಂತ ಬಿಗಿಯಾದ ಅನುಮತಿಯೊಂದಿಗೆ ಸೃಷ್ಟಿಸಬೇಕು. ವೇತನದ ಅಂಕಿಗಳು ಅದರಲ್ಲಿ ಬರೆಯಲ್ಪಡುತ್ತಿರುವ ಕೆಲವು ಕ್ಷಣಗಳಲ್ಲಾಗಲಿ, ನಡುವೆ ಯಂತ್ರ ನಿಂತು ಶೇಷ ಉಳಿದಾಗಲಾಗಲಿ ಅನ್ಯರು ಅದನ್ನು ಓದುವಂತಿರಬಾರದು. ಬರೆದು ಮುಗಿದ ಮೇಲೆ ಹಳೆಯ ಕಡತದ ಗುಂಪು, ಅನುಮತಿ, ಹೆಸರುಗಳ ಪಟ್ಟಿ ಇವನ್ನು ಹೊಸದಕ್ಕೆ ವರ್ಗಾಯಿಸಿ, ಆನಂತರವೇ ಹೆಸರು ಬದಲಿಸಬೇಕು. ಈ ಅನುಕ್ರಮ ತಿರುವು ಮುರುವಾದರೆ ಮಾಡಿದ ಕೆಲಸ ವ್ಯರ್ಥ.

ವರ್ಗಾವಣೆ ಸಾಧ್ಯವಾಗದಿದ್ದರೆ ಏನು ಮಾಡಬೇಕು? ನಿಜವಾದ ಪರೀಕ್ಷೆ ಇಲ್ಲಿದೆ. ಲಿನಕ್ಸಿನಲ್ಲಿ ಸಾಮಾನ್ಯ ಬಳಕೆದಾರನು ಕಡತವನ್ನು ಮತ್ತೊಬ್ಬರ ಒಡೆತನಕ್ಕೆ ಕೊಡಲಾರ. ಆ ಅಧಿಕಾರ ವ್ಯವಸ್ಥಾಪಕರದ್ದು ಮಾತ್ರ. ಒಡೆತನವೇ ಮುಖ್ಯವಾದ ಕಡೆ ಎರಡನೆಯ ವಿಧಾನ ಕೆಲಸಕ್ಕೆ ಬಾರದು. 1991ರಲ್ಲಿ ಬ್ರಾಮ್ ಮೂಲೆನಾರ್ ಬಿಡುಗಡೆ ಮಾಡಿದ ವಿಮ್ ಎಂಬ ಪಠ್ಯ ಸಂಪಾದಕ ತಂತ್ರಾಂಶದಲ್ಲಿ ಇದಕ್ಕೆ ಒಂದು ವಿವೇಕಯುತ ಏರ್ಪಾಡಿದೆ. ಗುಣಲಕ್ಷಣಗಳನ್ನೆಲ್ಲ ಉಳಿಸಿಕೊಂಡು ಹೆಸರು ಬದಲಿಸಲು ಸಾಧ್ಯವೇ ಎಂದು ಅದು ಮೊದಲೇ ನೋಡಿಕೊಳ್ಳುತ್ತದೆ. ಸಾಧ್ಯವಿಲ್ಲವೆಂದಾದರೆ ಹಳೆಯದರ ಪ್ರತಿಯೊಂದನ್ನು ಪಕ್ಕಕ್ಕಿಟ್ಟು ಮೂಲ ಕಡತದೊಳಗೇ ಬರೆಯುತ್ತದೆ. ಉಚಿತವಾಗಿ ದೊರೆಯುವ ತಂತ್ರಾಂಶ ಇಷ್ಟು ಯೋಚಿಸಿದೆ. ಸಾವಿರಾರು ರೂಪಾಯಿ ತೆತ್ತು ಕೊಳ್ಳುವ ತಂತ್ರಾಂಶಗಳು ಇಷ್ಟೇ ಯೋಚಿಸಬೇಕೆಂದು ನಿರೀಕ್ಷಿಸುವುದು ಅತಿಯಾಸೆಯಲ್ಲ.

ವಿಂಡೋಸಿನಲ್ಲಿ ತಂತ್ರಾಂಶ ರಚಿಸುವವರಿಗೆ ನೆಪವೂ ಉಳಿದಿಲ್ಲ. ವಿಂಡೋಸ್ 2000ದ ಕಾಲದಿಂದ 'ರಿಪ್ಲೇಸ್‌ಫೈಲ್' ಎಂಬ ಆಜ್ಞೆಯೊಂದು ಅಲ್ಲಿದೆ. ಹೊಸ ಕಡತವನ್ನು ಹಳೆಯದರ ಜಾಗದಲ್ಲಿ ಕೂರಿಸುವಾಗ ಹಳೆಯದರ ಅನುಮತಿ ಪಟ್ಟಿ, ಸೃಷ್ಟಿಯಾದ ದಿನಾಂಕ ಮುಂತಾದುವನ್ನು ಅದು ಉಳಿಸಿಕೊಡುತ್ತದೆ. ಆದರೆ ಪಟ್ಟಿಯ ವರ್ಗಾವಣೆಯಲ್ಲಿ ದೋಷ ಬಂದರೆ ಅದನ್ನು ಕಡೆಗಣಿಸಿ ಮುಂದುವರಿಯುವಂತೆಯೂ ಆ ಆಜ್ಞೆಗೆ ಹೇಳಬಹುದು. ಹಾಗೆ ಹೇಳುವವರು ತಂತ್ರಾಂಶ ಬರೆದವರು. ಪರಿಣಾಮ ಅನುಭವಿಸುವವರು ವರ್ತಕರು.

ಯಾವ ಉಪಾಯವೂ ಫಲಿಸದಿದ್ದಾಗ, ಅನುಮತಿಯನ್ನು ಬಿಗಿಗೊಳಿಸಿ ಉಳಿಸಿ ಬಳಕೆದಾರನಿಗೆ ಸ್ಪಷ್ಟವಾಗಿ ತಿಳಿಸುವುದು, ಇಲ್ಲವೇ ಉಳಿಸುವುದನ್ನು ನಿಲ್ಲಿಸಿ ಬೇರೆ ಹೆಸರು ಕೇಳುವುದು ಉಚಿತ. ಸದ್ದಿಲ್ಲದೆ ಸಡಿಲಗೊಳಿಸುವುದು ಮಾತ್ರ ಎಂದಿಗೂ ಕೂಡದು. ಬಿಗಿಯಾದರೆ ಅರ್ಧ ದಿನದ ಕೆಲಸ ಕೆಡಬಹುದು, ಸರಿಪಡಿಸಲೂಬಹುದು. ಸೋರಿದ ದರಪಟ್ಟಿಯನ್ನು ಮರಳಿ ತರಲಾಗದು.

'ಸೇವ್ ಆಸ್' ಎಂಬುದರ ವಿಚಾರ ಬೇರೆ. ಬೇರೆ ಹೆಸರಿನಲ್ಲಿ, ಬೇರೆ ಫೋಲ್ಡರಿನಲ್ಲಿ ಉಳಿಸಿದರೆ ಅದು ಹೊಸ ದಾಖಲೆ. ಅದಕ್ಕೆ ಆ ಫೋಲ್ಡರಿನ ಅನುಮತಿ ಬರುವುದು ನ್ಯಾಯವೇ. ವೇತನ ಪಟ್ಟಿಯನ್ನು ಪಿ.ಡಿ.ಎಫ್. ಮಾಡಿ ಸಾರ್ವತ್ರಿಕ ಫೋಲ್ಡರಿಗೆ ಹಾಕಿದರೆ ತಂತ್ರಾಂಶವನ್ನು ದೂರಿ ಫಲವಿಲ್ಲ. ಆದರೂ ಬಿಗಿಯಾದ ಕಡತದಿಂದ ಸಡಿಲವಾದ ಜಾಗಕ್ಕೆ ನಕಲು ಹೋಗುವಾಗ ಒಂದು ಎಚ್ಚರಿಕೆಯ ಮಾತು ತೋರಿಸಿದರೆ ತಂತ್ರಾಂಶಕ್ಕೆ ಆಗುವ ನಷ್ಟವೇನೂ ಇಲ್ಲ.

ಕಚೇರಿಯ ಕಡೆಯಿಂದ ಆಗುವ ತಪ್ಪುಗಳು

ದೋಷವೆಲ್ಲ ತಂತ್ರಾಂಶದ್ದೇ ಎನ್ನಲಾಗದು. ಎಲ್ಲರೂ 'ಅಡ್ಮಿನ್' ಎಂಬ ಒಂದೇ ಹೆಸರಿನಲ್ಲಿ ಪ್ರವೇಶಿಸುವ ಕಚೇರಿಯಲ್ಲಿ ಅನುಮತಿಯ ಮಾತೇ ಹುಟ್ಟುವುದಿಲ್ಲ. ಎಲ್ಲರ ಕೈಯಲ್ಲೂ ಒಂದೇ ಬೀಗದ ಕೈ ಇದ್ದಂತೆ. ಸಣ್ಣ ಉದ್ದಿಮೆಗಳಲ್ಲಿ ಇದು ಬಹಳ ಸಾಮಾನ್ಯ.

ಇನ್ನೊಂದು ತಪ್ಪು ಸದುದ್ದೇಶದಿಂದಲೇ ಆಗುವಂಥದು. ಕಡತಗಳನ್ನು ಯಾರೂ ಅಳಿಸಬಾರದೆಂದು ಮಾಲೀಕರು ಸಿಬ್ಬಂದಿಗೆ ಓದುವ ಮತ್ತು ಬರೆಯುವ ಹಕ್ಕು ಕೊಟ್ಟು, ಅಳಿಸುವ ಹಕ್ಕನ್ನು ಮಾತ್ರ ತೆಗೆಸುತ್ತಾರೆ. ಎಕ್ಸೆಲ್ ಮತ್ತು ವರ್ಡ್‌ಗಳು ಉಳಿಸುವಾಗ ಹಳೆಯ ಕಡತವನ್ನು ತೆಗೆದು ಹೊಸದನ್ನು ಕೂರಿಸಬೇಕಾದ್ದರಿಂದ ಅಳಿಸುವ ಹಕ್ಕಿಲ್ಲದೆ ಅವು ಸರಿಯಾಗಿ ಉಳಿಸಲಾರವು. ದೋಷದ ಸಂದೇಶ ಬರುತ್ತದೆ, ಫೋಲ್ಡರಿನಲ್ಲಿ ತಾತ್ಕಾಲಿಕ ಕಡತಗಳು ರಾಶಿ ಬೀಳುತ್ತವೆ, ಸಿಬ್ಬಂದಿ ಬೇಸತ್ತು ತಮ್ಮ ಯಂತ್ರದಲ್ಲಿಯೇ ಪ್ರತಿ ಇಟ್ಟುಕೊಳ್ಳಲಾರಂಭಿಸುತ್ತಾರೆ. ತಿದ್ದಬೇಕಾದವರಿಗೆ 'ಮಾಡಿಫೈ' ಹಕ್ಕು ಪೂರ್ಣವಾಗಿ ಕೊಡುವುದೇ ಸರಿ. ಅಳಿಸುವಿಕೆಯ ಭಯಕ್ಕೆ ಮದ್ದು ನಿತ್ಯದ ಬ್ಯಾಕಪ್.

ನಕಲು ಮಾಡುವುದಕ್ಕೂ ಎಳೆದು ಹಾಕುವುದಕ್ಕೂ ಇರುವ ವ್ಯತ್ಯಾಸವೂ ತಿಳಿದಿರಬೇಕು. ವಿಂಡೋಸಿನಲ್ಲಿ ನಕಲು ಮಾಡಿದ ಕಡತ ತಾನು ಸೇರಿದ ಫೋಲ್ಡರಿನ ಅನುಮತಿ ಪಡೆಯುತ್ತದೆ. ಅದೇ ಡ್ರೈವಿನೊಳಗೆ ಒಂದೆಡೆಯಿಂದ ಇನ್ನೊಂದೆಡೆಗೆ ಸರಿಸಿದ ಕಡತ ಸಾಮಾನ್ಯವಾಗಿ ತನ್ನ ಹಳೆಯ ಅನುಮತಿಯನ್ನೇ ಹೊತ್ತೊಯ್ಯುತ್ತದೆ. ಮಾಲೀಕರ ಖಾಸಗಿ ಫೋಲ್ಡರಿನಲ್ಲಿ ಸಿದ್ಧವಾದ ಪಟ್ಟಿಯನ್ನು ಸಾರ್ವತ್ರಿಕ ಫೋಲ್ಡರಿಗೆ ಎಳೆದುಹಾಕಿದರೂ ಸಿಬ್ಬಂದಿಗೆ ತೆರೆಯದಿರುವುದಕ್ಕೆ ಬಹಳಷ್ಟು ಸಲ ಇದೇ ಕಾರಣ. ಎಫ್.ಎ.ಟಿ.32 ಮಾದರಿಯ ಪೆನ್ ಡ್ರೈವಿಗೆ ಹೋಗಿ ಮರಳಿದ ಕಡತಕ್ಕಂತೂ ಹಳೆಯ ನೆನಪೇ ಇರುವುದಿಲ್ಲ, ಏಕೆಂದರೆ ಆ ಮಾದರಿಯಲ್ಲಿ ಅನುಮತಿ ಬರೆದಿಡಲು ಸ್ಥಳವೇ ಇಲ್ಲ.

ನ್ಯಾಸ್ ಪೆಟ್ಟಿಗೆ ಬಳಸುವವರು ಅದನ್ನು ಅಳವಡಿಸುವವರಿಗೆ ಒಂದು ಮಾತು ಹೇಳಿ ಮಾಡಿಸಿಕೊಳ್ಳಬೇಕು. ವಿಭಾಗಕ್ಕೊಂದು ಗುಂಪು, ಗುಂಪಿಗೊಂದು ಫೋಲ್ಡರ್. ಫೋಲ್ಡರಿನಲ್ಲಿ ಸೃಷ್ಟಿಯಾಗುವ ಪ್ರತಿ ಕಡತಕ್ಕೂ ಆ ಗುಂಪೇ ಬರುವಂತೆ, ಅನುಮತಿ ಫೋಲ್ಡರಿನಿಂದಲೇ ಇಳಿದುಬರುವಂತೆ ಸೂಚನೆ. ಸಾಂಬಾದಲ್ಲಿ ಇದಕ್ಕೆ 'ಫೋರ್ಸ್ ಗ್ರೂಪ್' ಮತ್ತು 'ಇನ್‌ಹೆರಿಟ್ ಪರ್ಮಿಶನ್ಸ್' ಎಂಬ ಎರಡು ಸಾಲುಗಳು ಸಾಕು. ಹೀಗೆ ಮಾಡಿದಲ್ಲಿ ತಂತ್ರಾಂಶ ಅನುಮತಿ ಉಳಿಸಿಕೊಳ್ಳಲು ಮರೆತರೂ ಫೋಲ್ಡರ್ ನೆನಪಿಸುತ್ತದೆ. ಆದರೆ ಒಂದೇ ಫೋಲ್ಡರಿನಲ್ಲಿ ಕೆಲವು ಕಡತ ಎಲ್ಲರಿಗೆ, ಕೆಲವು ಇಬ್ಬರಿಗೆ ಎಂಬ ಬೆರಕೆ ಇದ್ದರೆ ಈ ರಕ್ಷಣೆ ಒದಗದು. ಗೋಪ್ಯವಾದುದಕ್ಕೆ ಪ್ರತ್ಯೇಕ ಫೋಲ್ಡರ್ ಇರಲೇಬೇಕು.

ಗೂಗಲ್ ಡ್ರೈವಿನಂತಹ ಅಂತರಜಾಲದ ವ್ಯವಸ್ಥೆಗಳಲ್ಲಿ ಅನುಮತಿಯನ್ನು ಸರ್ವರ್ ಕಾಪಾಡುವುದರಿಂದ ಅಲ್ಲಿಯೇ ತಿದ್ದಿದರೆ ಈ ತೊಂದರೆಯಿಲ್ಲ. ಕಡತವನ್ನು ಇಳಿಸಿಕೊಂಡು, ತಿದ್ದಿ, ಮರಳಿ ಏರಿಸುವಾಗ ಎರಡನ್ನೂ ಇಟ್ಟುಕೊಳ್ಳುವ ಆಯ್ಕೆ ಮಾಡಿದರೆ ಮಾತ್ರ ಹಳೆಯ ಹಂಚಿಕೆ ಹಳೆಯ ಪ್ರತಿಯಲ್ಲೇ ಉಳಿದು, ಒಬ್ಬೊಬ್ಬರು ಒಂದೊಂದು ಪ್ರತಿ ನೋಡುತ್ತಾ ಕೂರುತ್ತಾರೆ. ಹಳೆಯದರ ಜಾಗದಲ್ಲಿಯೇ ಹಾಕುವ ಆಯ್ಕೆ ಸರಿಯಾದದ್ದು. ಸಂಸ್ಥೆಯ ಕಡತಗಳು ನೌಕರರ ಖಾಸಗಿ ಜಿಮೇಲ್ ಖಾತೆಯ ಒಡೆತನದಲ್ಲಿರುವುದು ಇದಕ್ಕಿಂತ ಗಂಭೀರವಾದ ವಿಷಯ. ನೌಕರ ಕೆಲಸ ಬಿಟ್ಟ ದಿನ ಸಂಸ್ಥೆಗೆ ಅದರ ಅರಿವಾಗುತ್ತದೆ.

ಕಾನೂನಿನ ದೃಷ್ಟಿ

ಕಂಪನಿಗಳ ಕಾಯ್ದೆ, 2013ರ 128ನೆಯ ಪ್ರಕರಣದಂತೆ ಲೆಕ್ಕಪುಸ್ತಕಗಳನ್ನು ಎಂಟು ಆರ್ಥಿಕ ವರ್ಷಗಳ ಕಾಲ ಕಾಪಾಡಬೇಕು. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 36ನೆಯ ಪ್ರಕರಣದಂತೆ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳು. ಆರು ವರ್ಷ ಹಿಂದೆ ಕೆಲಸ ಬಿಟ್ಟವರ ಹೆಸರಿನಲ್ಲಿ ಮುಚ್ಚಿಕೊಂಡ ಕಡತವನ್ನು ಅಧಿಕಾರಿಗಳ ಮುಂದೆ ತೆರೆಯುವುದು ಸುಲಭದ ಕೆಲಸವಲ್ಲ. ವ್ಯವಸ್ಥಾಪಕ ಅಧಿಕಾರವುಳ್ಳವರು ಒಡೆತನವನ್ನು ಬಿಡಿಸಿಕೊಳ್ಳಬಹುದಾದರೂ ಆ ಅಧಿಕಾರದ ಸಂಕೇತಪದ ಯಾರ ಬಳಿ ಇದೆಯೆಂಬುದು ಮುಂದಿನ ಪ್ರಶ್ನೆಯಾಗುತ್ತದೆ.

2023ರ ಏಪ್ರಿಲ್ 1ರಿಂದ ಆರಂಭವಾದ ಆರ್ಥಿಕ ವರ್ಷದಿಂದ ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಕಡ್ಡಾಯ. ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಅದನ್ನು ಉಲ್ಲೇಖಿಸಬೇಕು. ಮಾಲೀಕತ್ವದ ಮತ್ತು ಪಾಲುದಾರಿಕೆಯ ಸಂಸ್ಥೆಗಳಿಗೆ ಈ ನಿಯಮ ಅನ್ವಯಿಸದು. ತಂತ್ರಾಂಶದೊಳಗಿನ ದಾಖಲೆ ಎಷ್ಟೇ ಪಕ್ಕಾ ಇದ್ದರೂ ಅದರ ದತ್ತಾಂಶವಿರುವ ಫೋಲ್ಡರ್ ಎಲ್ಲರಿಗೂ ತೆರೆದಿದ್ದರೆ, ಇಡೀ ಫೋಲ್ಡರನ್ನೇ ಹಿಂದಿನ ವಾರದ ಪ್ರತಿಯಿಂದ ಬದಲಿಸಲು ಅಡ್ಡಿಯಿಲ್ಲ. ದತ್ತಾಂಶದ ಮಟ್ಟದಲ್ಲಿ ನೇರವಾಗಿ ಮಾಡಿದ ಬದಲಾವಣೆಗಳಿಗೆ ದಾಖಲೆ ಇರಲಿಲ್ಲವೆಂಬ ಷರಾ ಅನೇಕ ಕಂಪನಿಗಳ ಪರಿಶೋಧನಾ ವರದಿಗಳಲ್ಲಿ ಕಾಣಿಸಿಕೊಂಡಿರುವುದನ್ನು ಇಲ್ಲಿ ನೆನೆಯಬಹುದು.

ಹತ್ತು ನಿಮಿಷದ ಪರೀಕ್ಷೆ

ತಂತ್ರಾಂಶ ಕೊಳ್ಳುವ ಮುನ್ನ ಮಾರಾಟಗಾರರ ಮಾತನ್ನು ನಂಬುವುದಕ್ಕಿಂತ ಪರೀಕ್ಷಿಸಿ ನೋಡುವುದು ಸುಲಭ. ಕಚೇರಿಯ ನಿಜವಾದ ಹಂಚಿಕೆಯ ಫೋಲ್ಡರಿನಲ್ಲಿ, ಮೂವರ ಪ್ರತ್ಯೇಕ ಪ್ರವೇಶ ಹೆಸರುಗಳಿಂದ ಇದನ್ನು ಮಾಡಬೇಕು. ಮೊದಲನೆಯವರು ಒಂದು ಕಡತ ಸೃಷ್ಟಿಸಿ, ತಮಗೂ ಎರಡನೆಯವರಿಗೂ ಮಾತ್ರ ಅನುಮತಿ ಇಡಬೇಕು. ಅನುಮತಿ ಪುಟದ ಚಿತ್ರವೊಂದನ್ನು ಮುದ್ರಿಸಿಕೊಂಡರೆ ಒಳ್ಳೆಯದು. ಎರಡನೆಯವರು ಅದನ್ನು ತೆರೆದು ಒಂದು ಅಂಕಿ ಬದಲಿಸಿ ಉಳಿಸಬೇಕು. ಈಗ ಮೊದಲನೆಯವರಿಗೆ ತಿದ್ದಲು ಸಾಧ್ಯವೇ, ಮೂರನೆಯವರಿಗೆ ತೆರೆಯದೆ ಇದೆಯೇ, ಅನುಮತಿ ಪುಟ ಮುದ್ರಿತ ಚಿತ್ರಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಬಳಿಕ ಕಡತವನ್ನು ಎರಡನೆಯವರಿಗೆ 'ಓದಲು ಮಾತ್ರ' ಮಾಡಿ ಪುನಃ ಉಳಿಸಲು ಹೇಳಬೇಕು. ತಂತ್ರಾಂಶ ನಿರಾಕರಿಸಿದರೆ ಅದು ಉತ್ತೀರ್ಣ. ಕೊನೆಯದಾಗಿ, ದೊಡ್ಡ ಕಡತವೊಂದನ್ನು ಉಳಿಸುತ್ತಿರುವಾಗ ಜಾಲದ ತಂತಿಯನ್ನು ಕಳಚಿ, ಹಳೆಯ ಕಡತ ಕ್ಷೇಮವಾಗಿದೆಯೇ, ಉಳಿದುಹೋದ ತಾತ್ಕಾಲಿಕ ಕಡತವನ್ನು ಮೂರನೆಯವರು ಓದಬಲ್ಲರೇ ಎಂದು ನೋಡಬೇಕು.

ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಉಳಿಸುವ ವಿಧಾನವೂ ಬದಲಾಗಿರಬಹುದು. ಆದ್ದರಿಂದ ಹೊಸ ಆವೃತ್ತಿ ಹಾಕಿದ ದಿನ, ನ್ಯಾಸ್ ಪೆಟ್ಟಿಗೆ ಬದಲಿಸಿದ ದಿನ, ಸಾಧ್ಯವಾದರೆ ತಿಂಗಳ 20ಕ್ಕೆ ಸಾಕಷ್ಟು ಮುಂಚೆಯೇ, ಇದೇ ಪರೀಕ್ಷೆಯನ್ನು ಮತ್ತೊಮ್ಮೆ ನಡೆಸಬೇಕಾಗುತ್ತದೆ.